ಹಳೇ ‘ಫ್ರಮ್’ ಕಮಾಂಡ್ ಹೊಸದಾಗಿ ಬರೆಯೋದಾದರೆ: ಆಕ್, ಪರ್ಲ್, ಪೈಥಾನ್

ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ‘ಫ್ರಮ್’ ಅಂತ ಒಂದು ಪುಟ್ಟ ಕಮಾಂಡ್ ಇದೆ. ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಆವೃತ್ತಿ ಬಿಎಸ್‌ಡಿಯಿಂದ ಬಂದದ್ದು. ಮೇಲ್‌ಬಾಕ್ಸ್ ಫೈಲ್ ಓದಿ ಯಾರಿಂದ, ಯಾವಾಗ ಪತ್ರ ಬಂತು ಅಂತ ಸಾಲಿಗೊಂದರಂತೆ ತೋರಿಸೋದು ಅದರ ಕೆಲಸ. ವಿಷಯ ಏನು ಅಂತ ಮಾತ್ರ ಬಾಯಿ ಬಿಡಲ್ಲ.

ನಾನು ನೋಡಿಕೊಳ್ಳೋ ಸರ್ವರ್ ಜಯನಗರದ ಒಂದು ಸಣ್ಣ ಆಫೀಸಿನದು. ಅಲ್ಲಿ ಮೇಲ್ ಇವತ್ತಿಗೂ ಎಂಬಾಕ್ಸ್ ಫೈಲಿಗೇ, ಅಂದರೆ ಎಲ್ಲ ಪತ್ರಗಳೂ ಒಂದರ ಕೆಳಗೊಂದು ಇರೋ ಒಂದೇ ಫೈಲಿಗೆ, ಬಂದು ಬೀಳುತ್ತೆ. ಹೊತ್ತು ಹೊತ್ತಿಗೆ ತಾನಾಗಿ ಕೆಲಸ ಓಡಿಸೋ ‘ಕ್ರಾನ್’ ಕಳಿಸೋ ರಾಶಿ ವರದಿಗಳ ನಡುವೆ ‘ಟ್ಯಾಂಕರ್ ಇನ್ನೂ ಬಂದಿಲ್ಲ’, ‘ಮೇಲಿನ ಮಹಡಿ ಪ್ರಿಂಟರ್ ಕೆಟ್ಟಿದೆ’ ಅನ್ನೋ ಕನ್ನಡದ ಪತ್ರಗಳೂ ಇರುತ್ತವೆ. ಲಾಗಿನ್ ಆದ ಕೂಡಲೇ ಇವು ವಿಷಯದ ಸಮೇತ ಕಣ್ಣಿಗೆ ಬೀಳಬೇಕು, ಅಷ್ಟೇ ಆಸೆ. ಒಂದೇ ಮೇಲ್‌ಬಾಕ್ಸ್ ಇಟ್ಟುಕೊಂಡು ಆಕ್, ಪರ್ಲ್, ಪೈಥಾನ್ ಮೂರು ಭಾಷೆಯಲ್ಲೂ ಬರೆದು ನೋಡಿದೆ. ರೂಬಿ ಭಾಷೆಯನ್ನು ಕೈಬಿಟ್ಟೆ, ಅದಕ್ಕೆ ‘ಮೇಲ್’ ಅನ್ನೋ ಜೆಮ್ (ಹೊರಗಿನ ಲೈಬ್ರರಿ) ಬೇಕು, ಆ ಸರ್ವರ್‌ಗೆ ಹೊರಗಿನಿಂದ ಏನನ್ನೂ ತಂದು ಹಾಕೋ ಮನಸ್ಸಿರಲಿಲ್ಲ.

ಮೊದಲು ಹಳೆಯ ಸಿ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ನೋಡಿ. ಎಂಬಾಕ್ಸ್‌ನಲ್ಲಿ ಪ್ರತಿ ಪತ್ರವೂ ‘ಫ್ರಮ್’, ಬೆನ್ನಿಗೇ ಒಂದು ಸ್ಪೇಸ್ ಇರೋ ಸಾಲಿನಿಂದ ಶುರುವಾಗುತ್ತೆ. ಪತ್ರದ ಒಳಗೇ ಯಾರಾದರೂ ಅದೇ ಪದದಿಂದ ಸಾಲು ಶುರುಮಾಡಿದರೆ ಮೇಲ್ ತಲುಪಿಸೋ ಪ್ರೋಗ್ರಾಂ ಅದರ ಮುಂದೆ ‘>’ ಗುರುತು ಹಾಕಬೇಕು. ಎಲ್ಲ ಪ್ರೋಗ್ರಾಂಗಳೂ ಹಾಕಲ್ಲ. ಅದಕ್ಕೇ ಹಳೆಯ ‘ಫ್ರಮ್’ ಇನ್ನೊಂದು ಪರೀಕ್ಷೆ ಮಾಡುತ್ತೆ: ಹಿಂದಿನ ಸಾಲು ಖಾಲಿ ಇದ್ದರೆ ಮಾತ್ರ ಹೊಸ ಪತ್ರ, ಇಲ್ಲದಿದ್ದರೆ ಅಲ್ಲ. ಹತ್ತಾರು ಸಾಲಿನ ಸಿ ಕೋಡ್‌ಗೆ ಇಷ್ಟು ವಿವೇಕ ಸಾಕಷ್ಟಾಯಿತು.

ಆಕ್‌ನಲ್ಲಿ ಇದನ್ನೇ ಎರಡು ಮೂರು ಸಾಲಲ್ಲಿ ಬರೆಯಬಹುದು, ಓಡೋದೂ ಬಲು ಚುರುಕು. ಕ್ರಾನ್ ವರದಿ ಮಟ್ಟಿಗೆ ಅದೇ ಧಾರಾಳ. ಆದರೆ ಕನ್ನಡದ ವಿಷಯದ ಸಾಲು ಬಂತೋ, ಆಕ್ ಕೈಚೆಲ್ಲುತ್ತೆ.

ಕಾರಣ ಮೇಲ್‌ನ ಹೆಡರ್, ಅಂದರೆ ಕಳಿಸಿದವರು, ವಿಷಯ ಇತ್ಯಾದಿ ಇರೋ ತಲೆಭಾಗ. ಅದು ಹುಟ್ಟಿದ್ದೇ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗಾಗಿ. 1996ರ ಆರ್‌ಎಫ್‌ಸಿ 2047 ಅನ್ನೋ ಇಂಟರ್ನೆಟ್ ನಿಯಮ ದಾಖಲೆಯ ಪ್ರಕಾರ ಬೇರೆ ಲಿಪಿಯನ್ನು ಸಾಮಾನ್ಯವಾಗಿ ಬೇಸ್64ಗೆ (ಬೈಟುಗಳನ್ನು ಆಸ್ಕಿ ಅಕ್ಷರಗಳಲ್ಲೇ ಬರೆಯೋ ಬಗೆ) ತಿರುಗಿಸಿ, ಮುಂದೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿಸೋ ಪದ್ಧತಿ) ಅಂತ ಚೀಟಿ ಅಂಟಿಸಿ ಕಳಿಸುತ್ತಾರೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟೂ (ಯೂನಿಕೋಡ್‌ನಲ್ಲಿ ತನ್ನದೇ ನಂಬರ್ ಇರೋ ಪ್ರತಿ ಬಿಡಿ ಅಕ್ಷರ ಅಥವಾ ಗುಣಿತದ ಚಿಹ್ನೆ) ಯುಟಿಎಫ್-8ರಲ್ಲಿ ಮೂರು ಬೈಟ್. ಬೇಸ್64 ಮೂರು ಬೈಟನ್ನು ನಾಲ್ಕು ಅಕ್ಷರ ಮಾಡುತ್ತೆ. ಹಾಗಾಗಿ ಒಂದು ಕನ್ನಡ ಪದ ಟರ್ಮಿನಲ್‌ನಲ್ಲಿ ‘4ಎಲ್‌ಕೆ’, ‘4ಎಲ್‌ಒ’ ಅಂತ ಮತ್ತೆ ಮತ್ತೆ ಶುರುವಾಗೋ ನಾಲ್ಕಕ್ಷರದ ಸರವಾಗಿ ಕಾಣುತ್ತೆ. ಈಗೀಗ ಆ ‘4ಎಲ್‌ಕೆ’ ಕಂಡರೇ ಇದು ನಮ್ಮ ಜನದ್ದೇ ಪತ್ರ ಅಂತ ಗೊತ್ತಾಗಿಬಿಡುತ್ತೆ! ಇನ್ನೊಂದು ಕಟ್ಟಳೆ ಇದೆ: ಹೀಗೆ ಸುತ್ತಿದ ಒಂದು ತುಂಡು 75 ಅಕ್ಷರ ಮೀರಬಾರದು. ಚೀಟಿಯನ್ನು ಕಳೆದರೆ 15 ಕೋಡ್‌ಪಾಯಿಂಟಿಗಷ್ಟೇ ಜಾಗ. ‘ಸ್ತ್ರೀ’ ಅನ್ನೋ ಒಂದಕ್ಷರಕ್ಕೇ 6 ಕೋಡ್‌ಪಾಯಿಂಟ್ ಬೇಕು ಅಂದಮೇಲೆ, ಸಾಧಾರಣ ಕನ್ನಡ ವಾಕ್ಯ ಎರಡು ಮೂರು ತುಂಡಾಗದೆ ಬರೋದೇ ಇಲ್ಲ. ತುಂಡುಗಳ ನಡುವಿನ ಸ್ಪೇಸ್ ತೆಗೆದು ಜೋಡಿಸಬೇಕು, ಆಮೇಲೆ ಓದಬೇಕು. ಇಂಗ್ಲಿಷ್ ಪತ್ರಗಳಲ್ಲೇ ಟೆಸ್ಟ್ ಮಾಡಿದವರಿಗೆ ಈ ತಾಪತ್ರಯ ಗೊತ್ತೇ ಆಗಲ್ಲ.

ಪರ್ಲ್ ಇಲ್ಲಿ ಸಲೀಸು. 1987ರ ಭಾಷೆ, ಆದರೂ ಎನ್‌ಕೋಡ್ ಮಾಡ್ಯೂಲ್ ಜೊತೆಯಲ್ಲೇ ಬರುತ್ತೆ. ‘ಮೈಮ್-ಹೆಡರ್’ ಅಂತ ಹೆಸರು ಕೊಟ್ಟು ಡಿಕೋಡ್ ಮಾಡಿಸಿದರೆ ಕನ್ನಡ ಸಿದ್ಧ. ಔಟ್‌ಪುಟ್ ಯುಟಿಎಫ್-8 ಅಂತ ಮೊದಲೇ ಹೇಳಿರಬೇಕು, ಇಲ್ಲವಾದರೆ ‘ವೈಡ್ ಕ್ಯಾರೆಕ್ಟರ್’ ಅಂತ ಗೊಣಗುತ್ತೆ. ಖಾಲಿ ಸಾಲಿನವರೆಗೆ ಒಂದೇ ಗುಕ್ಕಿಗೆ ಓದೋ ಪ್ಯಾರಾಗ್ರಾಫ್ ಮೋಡ್ ಅಂತೂ ಎಂಬಾಕ್ಸ್‌ಗೆಂದೇ ಮಾಡಿದಂತಿದೆ. ಹಳೆಯ ಪ್ರೋಗ್ರಾಂನ ಖಾಲಿ ಸಾಲಿನ ಪರೀಕ್ಷೆ ಪುಕ್ಕಟೆಯಾಗಿ ಸಿಗುತ್ತೆ. ತೊಂದರೆ ಬೇರೆ ಕಡೆ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಸ್ಕ್ರಿಪ್ಟ್ ನೋಡಿ, “ಸರ್, ಈ ಡಾಲರ್ ಪಕ್ಕ ಸ್ಲ್ಯಾಶ್ ಇದೆಯಲ್ಲ, ಟೈಪ್ ಮಾಡೋವಾಗ ಬಿದ್ದಿದ್ದಾ?” ಅಂದಳು. ಪ್ಯಾರಾಗ್ರಾಫ್ ಮೋಡ್ ನಿಂತಿರೋದೇ ಆ ಗುರುತಿನ ಮೇಲೆ.

ಪೈಥಾನ್ ಬಗ್ಗೆ ನನಗೆ ನಿರೀಕ್ಷೆ ಜಾಸ್ತಿ ಇತ್ತು. ಮೇಲ್‌ಬಾಕ್ಸ್ ಮಾಡ್ಯೂಲೇ ಇದೆಯಲ್ಲ, ಇನ್ನೇನು? ಓಡಿಸಿದರೆ ಹಳೆಯ ಕಮಾಂಡ್ ತೋರಿಸಿದ್ದಕ್ಕಿಂತ ಹೆಚ್ಚು ಪತ್ರ! ಒಳಗೆ ಇಣುಕಿದಾಗ ಗುಟ್ಟು ಗೊತ್ತಾಯಿತು: ಹಿಂದಿನ ಸಾಲು ಖಾಲಿ ಇಲ್ಲದಿದ್ದರೂ ಈ ಮಾಡ್ಯೂಲ್ ಹೊಸ ಪತ್ರ ಅಂತಲೇ ಎಣಿಸುತ್ತೆ. ಕೋಡ್‌ನ ಕಾಮೆಂಟ್‌ನಲ್ಲೇ ಹಾಗೆ ಬರೆದಿದ್ದಾರೆ. ‘ಫ್ರಮ್’ನಿಂದ ಶುರುವಾಗೋ ಸಾಲಿದ್ದ ಲಾಗ್ ಫೈಲಿನ ತುಂಡನ್ನು ಅಂಟಿಸಿ ಕಳಿಸಿದ ಪತ್ರಗಳು ಅಲ್ಲಿ ಎರಡೆರಡಾಗಿದ್ದವು. ಜೊತೆಗೆ ಫೈಲಿನ ಹೆಸರು ತಪ್ಪಿದ್ದರೆ ದೂರು ಹೇಳೋ ಬದಲು ಆ ಹೆಸರಿನ ಖಾಲಿ ಫೈಲನ್ನೇ ಸೃಷ್ಟಿಸುತ್ತೆ. ಬೇಡ ಅಂತ ನಾವಾಗಿ ಹೇಳಬೇಕು. ಬರೀ ಓದೋ ಕಮಾಂಡ್‌ಗೆ ಇದು ಅಧಿಕಪ್ರಸಂಗ.

ಆದರೆ ಇಮೇಲ್ ಪ್ಯಾಕೇಜಿನ ‘ಡಿಕೋಡ್ ಹೆಡರ್’ ನನ್ನ ಮನಸ್ಸು ಗೆದ್ದಿತು. ಕೆಲವು ಮೇಲ್ ಸಾಫ್ಟ್‌ವೇರ್‌ಗಳು ಒಂದು ಕೋಡ್‌ಪಾಯಿಂಟಿನ ಮೂರು ಬೈಟನ್ನೇ ಮಧ್ಯಕ್ಕೆ ಮುರಿದು ಎರಡು ತುಂಡಿಗೆ ಹಂಚುತ್ತವೆ. ಹಾಗೆ ಮಾಡೋದು ನಿಯಮಕ್ಕೆ ವಿರುದ್ಧ, ಆದರೂ ಬರುತ್ತವೆ. ಈ ಫಂಕ್ಷನ್ ಒಂದೇ ಚೀಟಿಯ ಅಕ್ಕಪಕ್ಕದ ತುಂಡುಗಳ ಬೈಟುಗಳನ್ನು ಮೊದಲು ಸೇರಿಸಿಬಿಡುತ್ತೆ. ಅಕ್ಷರವಾಗಿ ಓದೋದು ಆಮೇಲೆ. ಮುರಿದದ್ದು ಕೂಡಿಕೊಳ್ಳುತ್ತೆ.

ವೇಗದಲ್ಲಿ ಪೈಥಾನ್ ಕೊನೆ. ಇಮೇಲ್ ಪ್ಯಾಕೇಜ್ ಎಳೆದುಕೊಂಡು ಏಳೋದಕ್ಕೆ ಪರ್ಲ್‌ಗಿಂತ ತುಸು ಹೊತ್ತು ಹಿಡಿಯುತ್ತೆ. ನನಗದು ಲೆಕ್ಕಕ್ಕಿಲ್ಲ. ಬಾಳಿಕೆಯ ವಿಚಾರ ಹಾಗಲ್ಲ: ಪೈಥಾನ್ 2 ಬೆಂಬಲ 2020ರ ಜನವರಿ 1ಕ್ಕೆ ಮುಗಿದಾಗ ಎಷ್ಟೋ ಸ್ಕ್ರಿಪ್ಟ್ ತಿದ್ದಬೇಕಾಯಿತು, ಪರ್ಲ್ 5ರ ಹಳೆಯ ಸ್ಕ್ರಿಪ್ಟ್‌ಗಳು ಅಲ್ಲೇ ಓಡುತ್ತಾ ಇದ್ದವು.

ಕೊನೆಗೆ ಉಳಿಸಿಕೊಂಡಿದ್ದು ಪೈಥಾನ್, ಆದರೆ ಮೇಲ್‌ಬಾಕ್ಸ್ ಮಾಡ್ಯೂಲ್ ಬಿಟ್ಟು. ಪತ್ರ ಬೇರ್ಪಡಿಸೋ ಕೆಲಸಕ್ಕೆ ಹಳೆಯ ಸಿ ಪ್ರೋಗ್ರಾಂನ ಲೂಪನ್ನೇ ಬೈಟುಗಳ ಮೇಲೆ ಬರೆದೆ, ಹೆಡರ್ ಬಿಡಿಸೋದನ್ನು ಇಮೇಲ್ ಪ್ಯಾಕೇಜಿಗೆ ವಹಿಸಿದೆ. ನಾನೊಬ್ಬನೇ ನೋಡಿಕೊಳ್ಳೋ ಸರ್ವರ್ ಆಗಿದ್ದರೆ ಪರ್ಲ್ ಇಟ್ಟುಕೊಳ್ಳುತ್ತಿದ್ದೆ.

ಸಾಲು ಅಂದವಾಗಿ ಹೊಂದಿಸೋದರಲ್ಲಿ ಮಾತ್ರ ಮೂರೂ ಸೋತವು. ವಿಷಯವನ್ನು ಇಷ್ಟೇ ಕೋಡ್‌ಪಾಯಿಂಟ್ ಅಂತ ಕತ್ತರಿಸಿದರೆ ಒತ್ತಕ್ಷರ ಹರಿದು ಕೊನೆಯಲ್ಲಿ ಅರ್ಧಾಕ್ಷರ ನಿಲ್ಲುತ್ತೆ. ಕೋಡ್‌ಪಾಯಿಂಟ್ ಬದಲು ಅಕ್ಷರದ ಲೆಕ್ಕದಲ್ಲಿ ಬಿಡಿಸೋ ಪರ್ಲ್‌ನ ‘ಬ್ಯಾಕ್‌ಸ್ಲ್ಯಾಶ್ ಎಕ್ಸ್’ ಕೂಡ ಗುಣಿತವನ್ನು ಕಾಪಾಡುತ್ತೆ, ಒತ್ತನ್ನಲ್ಲ. ಅದಕ್ಕೆ ಈಗ ತಾರೀಖು, ಕಳಿಸಿದವರ ಹೆಸರು ಮೊದಲು ಹಾಕಿ, ವಿಷಯವನ್ನು ಕತ್ತರಿಸದೆ ಸಾಲಿನ ತುದಿಗೆ ಬಿಟ್ಟಿದ್ದೇನೆ. ಉದ್ದವಾದರೆ ಟರ್ಮಿನಲ್ಲೇ ಮುಂದಿನ ಸಾಲಿಗೆ ಮಡಚಿಕೊಳ್ಳುತ್ತೆ.