ಪೈಥಾನ್‌ನ ಅಧಿಕೃತ ಡಾಕ್ಸ್: ಹಳೇ ವರ್ಶನ್‌ಗಳ ಜೊತೆ ಏಗುವವನ ವಿಮರ್ಶೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಸ್ (ಬಳಕೆಯ ವಿವರ ಕೊಡುವ ಕೈಪಿಡಿ) ಬಗ್ಗೆ ಕಲಿಯುವವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಟ್ಯುಟೋರಿಯಲ್ ಚೆನ್ನಾಗಿದೆ, ಉಳಿದದ್ದು ಕಬ್ಬಿಣದ ಕಡಲೆ ಅನ್ನುವಲ್ಲಿಗೆ ಹೆಚ್ಚಿನವು ಮುಗಿಯುತ್ತವೆ. ನನ್ನ ಕಷ್ಟ ಬೇರೆ ಥರದ್ದು. ಯಾರೋ ಬರೆದಿಟ್ಟು ಹೋದ ಕೋಡನ್ನು ಬದುಕಿಸಿಡುವುದು ನನ್ನ ಕೆಲಸ. ಒಂದು ಸರ್ವರ್‌ನಲ್ಲಿ ಪೈಥಾನ್ ವರ್ಶನ್ 3.8, ಇನ್ನೊಂದರಲ್ಲಿ 3.10, ಟೀಮಿಗೆ ಹೊಸದಾಗಿ ಬಂದ ಹುಡುಗರ ಲ್ಯಾಪ್‌ಟಾಪ್‌ಗಳಲ್ಲಿ 3.13. ಈ ಫಂಕ್ಷನ್ ಏನು ಮಾಡುತ್ತೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ಯಾವತ್ತಿನಿಂದ ಹಾಗೆ ಮಾಡುತ್ತಿದೆ ಅಂತ ಹೇಳುವವರು ನನಗೆ ಬೇಕು. ಆ ಲೆಕ್ಕದಲ್ಲಿ ಈ ಡಾಕ್ಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹಿಡಿದಿಟ್ಟುಕೊಂಡ ಒಂದು ಅಂಕದ ಬಗ್ಗೆ ತಕರಾರಿದೆ, ಆಮೇಲೆ ಹೇಳುತ್ತೇನೆ.

ದಿನಾಂಕ, ಸಮಯ ನೋಡಿಕೊಳ್ಳುವ ಡೇಟ್‌ಟೈಮ್ ಮಾಡ್ಯೂಲಿನಲ್ಲಿ, ಪಠ್ಯವಾಗಿ ಬಂದ ಸಮಯವನ್ನು ಓದಿಕೊಳ್ಳುವ ಫ್ರಮ್‌ಐಸೋಫಾರ್ಮ್ಯಾಟ್ ತಗೊಳ್ಳಿ. ಬೇರೆ ಸಿಸ್ಟಮ್‌ಗಳಿಂದ ಬರುವ ಸಮಯದ ಸ್ಟ್ರಿಂಗ್‌ನ ಕೊನೆಯಲ್ಲಿ, ಇದು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಅಂತ ತಿಳಿಸಲು, ಒಂದು ‘ಝಡ್’ ಅಕ್ಷರ ಇರುವುದು ಮಾಮೂಲು. ಹುಡುಗರ ಲ್ಯಾಪ್‌ಟಾಪ್‌ನಲ್ಲಿ ಅದು ಸಲೀಸಾಗಿ ಓದಿಕೊಳ್ಳುತ್ತೆ. ಅದೇ ಕೋಡ್ ಸರ್ವರ್‌ಗೆ ಹೋದ ಕೂಡಲೇ ವ್ಯಾಲ್ಯೂಎರರ್, ಅಂದರೆ ಈ ಮೌಲ್ಯ ಒಪ್ಪಲ್ಲ ಅನ್ನುವ ದೋಷ. ‘ನನ್ನ ಹತ್ರ ಓಡ್ತಿದೆಯಲ್ಲ ಸರ್’ ಅನ್ನುವ ಮಾತು ಶುರುವಾಗುವ ಹೊತ್ತಿಗೆ ನಾನು ಡಾಕ್ಸ್ ಪುಟ ತೆರೆದಿರುತ್ತೇನೆ. ವಿವರಣೆ ದಾಟಿ, ಉದಾಹರಣೆಗಳನ್ನೂ ದಾಟಿ ಕೆಳಗೆ ಬಂದರೆ ಎರಡು ಸಾಲು ಸಿಗುತ್ತವೆ. 3.7ರಲ್ಲಿ ಸೇರಿಸಿದ್ದು ಅನ್ನುವುದು ಒಂದು. 3.11ರಲ್ಲಿ ಬದಲಾಯಿತು, ಅಲ್ಲಿಯವರೆಗೆ ಅದರ ಜೋಡಿ ಐಸೋಫಾರ್ಮ್ಯಾಟ್ (ಸಮಯವನ್ನು ಪಠ್ಯವಾಗಿಸುವ ಫಂಕ್ಷನ್) ತಾನೇ ಹೊರಡಿಸಬಲ್ಲ ರೂಪಗಳನ್ನು ಮಾತ್ರ ಒಪ್ಪುತ್ತಿತ್ತು ಅನ್ನುವುದು ಇನ್ನೊಂದು. ಐಸೋಫಾರ್ಮ್ಯಾಟ್ ಯುಟಿಸಿಯನ್ನು ಪ್ಲಸ್ ಚಿಹ್ನೆ, ಸೊನ್ನೆಗಳಲ್ಲಿ ಬರೆಯುತ್ತದೆಯೇ ಹೊರತು ಝಡ್ ಹಾಕುವುದಿಲ್ಲ. ಚರ್ಚೆ ಅಲ್ಲಿಗೆ ಖತಂ.

ಈ ಸಣ್ಣಕ್ಷರದ ಸಾಲುಗಳು ಯಾರದೋ ಶಿಸ್ತಿನಿಂದ ಮಾತ್ರ ಬಂದವಲ್ಲ, ಅವುಗಳ ಹಿಂದೆ ಒಂದು ವ್ಯವಸ್ಥೆ ಇದೆ. ಡಾಕ್ಸ್‌ನ ಮೂಲ ಪಠ್ಯ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನುವ ಸರಳ ಪಠ್ಯರೂಪದಲ್ಲಿದ್ದು, ಸಿಪೈಥಾನ್‌ನ (ಪೈಥಾನ್ ಭಾಷೆಯನ್ನು ಓಡಿಸುವ ಮೂಲ ಪ್ರೋಗ್ರಾಮ್) ಕೋಡ್ ಇರುವ ರೆಪೊಸಿಟರಿಯೊಳಗೇ ‘ಡಾಕ್’ ಅನ್ನುವ ಫೋಲ್ಡರ್‌ನಲ್ಲಿ ಕೂತಿದೆ. ಫಂಕ್ಷನ್ ಬದಲಾಯಿಸುವವರು ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಪುಟವನ್ನೂ ತಿದ್ದಬಹುದು, ತಿದ್ದದಿದ್ದರೆ ರಿವ್ಯೂ ಮಾಡುವವರು ಬಿಡುವುದಿಲ್ಲ. ಹೊಸದಾಗಿ ಸೇರಿದ್ದು, ಬದಲಾದದ್ದು, ಕೈಬಿಡಲಿರುವುದು ಎಂಬ ಮೂರಕ್ಕೂ ಬೇರೆ ಬೇರೆ ಗುರುತುಗಳಿವೆ. ಇದನ್ನೆಲ್ಲ ವೆಬ್ ಪುಟವಾಗಿಸುವ ಸ್ಫಿಂಕ್ಸ್ ಈಗ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿದೆ, ಆದರೆ ಅದು ಹುಟ್ಟಿದ್ದು ಈ ಡಾಕ್ಸ್‌ಗಾಗಿಯೇ. 2.6ಕ್ಕೆ ಮೊದಲು ಇವೆಲ್ಲ ಲೇಟೆಕ್ ಅನ್ನುವ ಅಕ್ಷರಜೋಡಣೆ ವ್ಯವಸ್ಥೆಯಲ್ಲಿದ್ದವು.

ನನಗೆ ಇನ್ನೂ ಹಿಡಿಸಿದ್ದು, ಸದ್ಯ ಹೀಗೆ ನಡೆಯುತ್ತಿದೆ ಅನ್ನುವುದಕ್ಕೂ ಹೀಗೇ ನಡೆಯುತ್ತೆ ಅಂತ ಮಾತು ಕೊಡುವುದಕ್ಕೂ ಇಲ್ಲಿ ಕಾಪಾಡುವ ಅಂತರ. ಡಿಕ್ಷನರಿಯಲ್ಲಿ (ಕೀ, ಮೌಲ್ಯಗಳ ಜೋಡಿಗಳನ್ನಿಡುವ ರಚನೆ) ಹಾಕಿದ ಕ್ರಮದಲ್ಲೇ ಕೀಗಳು ಹೊರಬರುವುದು 3.6ರಲ್ಲೇ ಶುರುವಾಗಿತ್ತು. ಆಗ ಅದು ಸಿಪೈಥಾನ್‌ನ ಒಳಗಿನ ವಿವರ ಮಾತ್ರ, ನೆಚ್ಚಿಕೊಳ್ಳುವಂತಿರಲಿಲ್ಲ. ಭಾಷೆಯ ಖಾತರಿಯಾದದ್ದು 3.7ರಲ್ಲಿ. ಪುಟದಲ್ಲಿ ಎರಡೂ ಸಂಗತಿ ಒಂದರ ಪಕ್ಕ ಒಂದು ಬರೆದಿದೆ. ಮೂರನೇ ಕೈಯಿಂದ ಬಂದ ಪೈಥಾನ್ ಲೇಖನಗಳಲ್ಲಿ ಈ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ.

ತೆಗೆದುಹಾಕಿದ ಮಾಡ್ಯೂಲ್‌ಗಳ ವಿಷಯದಲ್ಲೂ ಮರ್ಯಾದೆ ಇದೆ. 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಸೇರಿ 19 ಹಳೇ ಮಾಡ್ಯೂಲ್‌ಗಳು ಒಟ್ಟಿಗೇ ಹೋದವು. ಆ ವಿಳಾಸಗಳಿಗೆ ಹೋದರೆ ‘ಪುಟ ಸಿಗಲಿಲ್ಲ’ ಅನ್ನುವ ಉತ್ತರ ಬರುವುದಿಲ್ಲ. ಖಾಲಿ ಮಾಡಿದ ಮನೆಯ ಬಾಗಿಲಿಗೆ ಚೀಟಿ ಅಂಟಿಸಿಟ್ಟ ಹಾಗೆ ಒಂದು ಚಿಕ್ಕ ಪುಟ ಇದೆ: 3.11ರಲ್ಲಿ ಕೈಬಿಡುವ ಸೂಚನೆ ಕೊಟ್ಟೆವು, 3.13ರಲ್ಲಿ ತೆಗೆದೆವು, ಕೊನೆಯದಾಗಿ ಇದ್ದದ್ದು 3.12ರಲ್ಲಿ. ಹಳೇ ಕೋಡ್ ನೋಡಿಕೊಳ್ಳುವವನಿಗೆ ಇದಕ್ಕಿಂತ ಹೆಚ್ಚು ಏನೂ ಬೇಕಿಲ್ಲ.

ಈಗ ತಕರಾರಿಗೆ ಬರುತ್ತೇನೆ. ಹಲವು ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಅಸಿಂಕ್‌ಐಒ ಮಾಡ್ಯೂಲಿನಲ್ಲಿ, ಒಂದು ಕೆಲಸವನ್ನು (ಟಾಸ್ಕ್) ಹುಟ್ಟುಹಾಕುವ ಕ್ರಿಯೇಟ್‌ಟಾಸ್ಕ್ ಪುಟದಲ್ಲಿ ಒಂದು ಎಚ್ಚರಿಕೆಯ ಪೆಟ್ಟಿಗೆ ಇದೆ. ಈ ಫಂಕ್ಷನ್ ವಾಪಸ್ ಕೊಡುವ ಟಾಸ್ಕನ್ನು ಎಲ್ಲಾದರೂ ಹಿಡಿದಿಟ್ಟುಕೊಳ್ಳಿ, ಕೆಲಸಗಳನ್ನು ಓಡಿಸುವ ಇವೆಂಟ್ ಲೂಪ್ ಅದಕ್ಕೆ ವೀಕ್ ರೆಫರೆನ್ಸ್ (ಮೆಮೊರಿಯಲ್ಲಿ ಉಳಿಸಿಕೊಳ್ಳದ ಸಡಿಲ ಕೊಂಡಿ) ಮಾತ್ರ ಇಟ್ಟುಕೊಳ್ಳುತ್ತೆ, ನೀವು ಬಿಟ್ಟುಬಿಟ್ಟರೆ ಕೆಲಸ ಮುಗಿಯುವ ಮೊದಲೇ ಬಳಕೆಯಲ್ಲಿಲ್ಲದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅದನ್ನು ಗುಡಿಸಿಹಾಕಬಹುದು ಅಂತ. ಕೆಳಗೆ ಉದಾಹರಣೆಯೂ ಇದೆ: ಟಾಸ್ಕ್‌ಗಳನ್ನು ಒಂದು ಸೆಟ್‌ನಲ್ಲಿ ಹಾಕಿ, ಮುಗಿದ ಮೇಲೆ ತಾನಾಗಿ ಅಲ್ಲಿಂದ ಹೋಗುವಂತೆ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಓಡುವ ಫಂಕ್ಷನ್) ಕಟ್ಟುವುದು. ಚಿನ್ನದಂಥ ಸಲಹೆ. ಯಾವಾಗಲೋ ಒಮ್ಮೆ, ಲೋಡ್ ಜಾಸ್ತಿಯಾದಾಗ ಮಾತ್ರ, ಲಾಗ್‌ನಲ್ಲಿ ಸುಳಿವೇ ಬಿಡದೆ ಮಾಯವಾಗುವ ಕೆಲಸವನ್ನು ಬೆನ್ನಟ್ಟಿದವರಿಗೆ ಅದರ ಬೆಲೆ ಗೊತ್ತು.

ಆದರೆ ಕ್ರಿಯೇಟ್‌ಟಾಸ್ಕ್ ಬಂದದ್ದು 3.7ರಲ್ಲಿ, ಆ ವರ್ಶನ್‌ನ ಪುಟದಲ್ಲಿ ಈ ಮಾತೇ ಇಲ್ಲ. ಆಮೇಲೆ ಸೇರಿತು. ವೀಕ್ ರೆಫರೆನ್ಸ್ ಇಡುವ ರೀತಿ ಆಗಲೂ ಅದೇ; ಬದಲಾದದ್ದು ಡಾಕ್ಸ್ ಮಾತ್ರ. ಕೋಡ್ ಬದಲಾಗಿಲ್ಲವಾದ್ದರಿಂದ ‘ಇಂಥ ವರ್ಶನ್‌ನಲ್ಲಿ ಬದಲಾಯಿತು’ ಅನ್ನುವ ಸಾಲೂ ಇಲ್ಲ. ಅಂದರೆ ಈ ಡಾಕ್ಸ್ ಭಾಷೆಯ ಚರಿತ್ರೆಯನ್ನು ಚೆನ್ನಾಗಿ ಬರೆದಿಡುತ್ತೆ, ತನ್ನ ಚರಿತ್ರೆಯನ್ನು ಬರೆದಿಡುವುದಿಲ್ಲ. 3.7ರ ಕಾಲದಲ್ಲಿ ಪುಟ ಓದಿ ಮನಸ್ಸಿನಲ್ಲಿಟ್ಟುಕೊಂಡವರು ಇವತ್ತು ಬದಲಾವಣೆಯ ಸಾಲುಗಳನ್ನಷ್ಟೇ ಕಣ್ಣಾಡಿಸಿದರೆ, ಅತಿ ಮುಖ್ಯವಾದ ಎಚ್ಚರಿಕೆ ಕಣ್ಣಿಗೇ ಬೀಳದೆ ಹೋಗಬಹುದು.

ಪುಟದ ಅಡಿಯಲ್ಲಿ ಕೊನೆಯ ಬಾರಿ ಅಪ್‌ಡೇಟ್ ಆದ ದಿನಾಂಕ ಇದೆಯಲ್ಲ ಅನ್ನಬೇಡಿ. ಅದು ಇಡೀ ಸೈಟನ್ನು ಕಟ್ಟಿದ ದಿನಾಂಕ. ವರ್ಷಗಟ್ಟಲೆ ಯಾರೂ ಮುಟ್ಟದ ಪುಟದಲ್ಲೂ ಮೊನ್ನೆಯ ತಾರೀಕು ಇರುತ್ತೆ. ನಿಜವಾದ ತಾರೀಕು ಬೇಕಿದ್ದರೆ ‘ಶೋ ಸೋರ್ಸ್’ ಒತ್ತಿ, ಗಿಟ್‌ಹಬ್‌ಗೆ ಹೋಗಿ, ಅಲ್ಲಿ ಆ ಫೈಲಿನ ಹಿಸ್ಟರಿ ತೆರೆಯಬೇಕು. ನಾನು ತೆರೆಯುತ್ತೇನೆ, ಅಭ್ಯಾಸವಾಗಿದೆ. ಎಲ್ಲರೂ ತೆರೆಯುತ್ತಾರೆ ಅಂತ ಡಾಕ್ಸ್ ನಿರೀಕ್ಷಿಸುವುದು ಸರಿಯಲ್ಲ.

ಯಾವ ಫಂಕ್ಷನ್ ಯಾವ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತೆ ಅಂತ ಒಂದೇ ಕಡೆ ಪಟ್ಟಿ ಮಾಡುವ ಪದ್ಧತಿಯೂ ಇಲ್ಲಿಲ್ಲ. ಪ್ಯಾರಾಗಳ ನಡುವೆ ಹೆಕ್ಕಿಕೊಳ್ಳಬೇಕು. ಈ ವಿಷಯದಲ್ಲಿ ಪಿಎಚ್‌ಪಿ ಅನ್ನುವ ಇನ್ನೊಂದು ಭಾಷೆಯ ಮ್ಯಾನುಯಲ್ ನೋಡಿ ಹೊಟ್ಟೆಕಿಚ್ಚಾಗುತ್ತೆ: ಪ್ಯಾರಾಮೀಟರ್, ವಾಪಸ್ ಬರುವ ಮೌಲ್ಯ, ವರ್ಶನ್‌ವಾರು ಬದಲಾವಣೆಯ ಕೋಷ್ಟಕ, ಎಲ್ಲಕ್ಕೂ ಅದದರ ಜಾಗ ಇದೆ. ಸರ್ಚ್ ಪೆಟ್ಟಿಗೆಯನ್ನು ನಾನು ಮುಟ್ಟುವುದಿಲ್ಲ, ನೇರ ಇಂಡೆಕ್ಸ್‌ಗೆ ಹೋಗುತ್ತೇನೆ.

ವರ್ಶನ್ ಆರಿಸುವ ಡ್ರಾಪ್‌ಡೌನ್ ಪುಟದ ಮೇಲ್ಗಡೆ ಇದೆ, ದಯವಿಟ್ಟು ಬಳಸಿ. ಹೊಸ ಪುಟದಲ್ಲಿರುವ ಬದಲಾವಣೆಯ ಸಾಲುಗಳೇ ಸಾಕು ಅಂದುಕೊಂಡರೆ ಎಡವಲು ಒಂದು ಜಾಗ ಇದೆ. ತುಂಬಾ ಉದ್ದದ ಅಂಕಿಗಳ ಸ್ಟ್ರಿಂಗನ್ನು ಇಂಟ್‌ಗೆ (ಪೂರ್ಣಾಂಕ) ಬದಲಾಯಿಸಲು 4300 ಅಂಕಿಯ ಮಿತಿ ಬಂತು. ಹೊಸ ಪುಟ ಅದನ್ನು 3.11ರ ಲೆಕ್ಕಕ್ಕೆ ಹಾಕುತ್ತೆ. ಆದರೆ ಅದು ಭದ್ರತೆಯ ಕಾರಣಕ್ಕೆ ಬಂದ ಬದಲಾವಣೆ, ಹಾಗಾಗಿ 3.10.7 ಮೊದಲಾದ ಸಣ್ಣ ರಿಲೀಸ್‌ಗಳಿಗೂ ಬಂತು. 3.10 ಇಟ್ಟುಕೊಂಡವರು 3.10ರ ಪುಟವನ್ನೇ ಓದಬೇಕು.

ಇಷ್ಟೆಲ್ಲ ದೂರುವವನು ತಾನೇ ತಿದ್ದಬಾರದೇ ಅಂತ ಕೇಳುವವರಿಗಾಗಿ: ಒಂದು ಗೊಂದಲದ ವಾಕ್ಯಕ್ಕೆ ಸಣ್ಣ ತಿದ್ದುಪಡಿ ಕಳಿಸಿದ್ದೇನೆ. ಸೇವೆಯಾಗಿ ನೋಡಿದರೆ ಈ ಭಾಗಕ್ಕೆ ಪೂರ್ತಿ ಅಂಕ. ಕೊಡುಗೆ ಕೊಡುವವರ ಒಪ್ಪಂದಕ್ಕೆ ಒಮ್ಮೆ ಸಹಿ ಹಾಕಬೇಕು. ಡಾಕ್ ಫೋಲ್ಡರ್‌ನಲ್ಲಿ ‘ಮೇಕ್ ಎಚ್‌ಟಿಎಂಎಲ್’ ಅಂದರೆ ನಮ್ಮ ಕಂಪ್ಯೂಟರ್‌ನಲ್ಲೇ ಪುಟ ಸಿದ್ಧವಾಗುತ್ತೆ. ಪುಲ್ ರಿಕ್ವೆಸ್ಟ್ ಹಾಕಿದ ಮೇಲೆ, ತಿದ್ದಿದ ಪುಟ ಹೇಗೆ ಕಾಣುತ್ತೆ ಅಂತ ನೋಡಲು ಒಂದು ಪ್ರಿವ್ಯೂ ಲಿಂಕ್ ಬರುತ್ತೆ. ನಾನು ಬರೆದ ವಾಕ್ಯದಲ್ಲಿ ‘ಯಾವಾಗಲೂ’ ಅನ್ನುವ ಅರ್ಥದ ಒಂದು ಪದ ಇತ್ತು. ರಿವ್ಯೂ ಮಾಡಿದವರು ಅದನ್ನು ತೆಗೆಸಿದರು. ರೆಫರೆನ್ಸ್‌ನಲ್ಲಿ ಹಾಗೆ ಬರೆದರೆ ನಾಳೆ ಅದನ್ನೇ ಖಾತರಿ ಅಂತ ಹಿಡಿದು ಜನ ಕೋಡ್ ಬರೆಯುತ್ತಾರೆ, ಅಷ್ಟು ದೊಡ್ಡ ಮಾತು ಕೊಡಲು ಈ ಫಂಕ್ಷನ್ ತಯಾರಿಲ್ಲ ಅನ್ನುವುದು ಅವರ ವಾದ. ಡಿಕ್ಷನರಿ ಪುಟದಲ್ಲಿ ನಾನು ಮೆಚ್ಚಿದ ಅಂತರವನ್ನು ಕಾಯುವವರು ಯಾರು ಅಂತ ಆವತ್ತು ಗೊತ್ತಾಯಿತು.

ವಿಲೀನವಾದ ಮೇಲೆ ಬಾಟ್ ಒಂದು ತಾನಾಗಿ ಅದನ್ನು 3.13, 3.12ರ ಶಾಖೆಗಳಿಗೂ ಒಯ್ದಿತು. ಅಲ್ಲಿಗೆ ನಿಂತಿತು. ಭದ್ರತಾ ತಿದ್ದುಪಡಿಗಳ ಹಂತಕ್ಕೆ ಬಂದ ಹಳೇ ಶಾಖೆಗಳಿಗೆ ಸಾಮಾನ್ಯವಾಗಿ ಡಾಕ್ಸ್ ತಿದ್ದುಪಡಿ ಹೋಗುವುದಿಲ್ಲ. ಹೀಗಾಗಿ ನಮ್ಮ ಸರ್ವರ್‌ನ 3.10ಕ್ಕೆ ಸೇರಿದ ಪುಟದಲ್ಲಿ ಆ ಗೊಂದಲದ ವಾಕ್ಯ ಹಾಗೇ ಇದೆ. ಹುಡುಗರಿಗೆ ಅದರ ಲಿಂಕ್ ಕಳಿಸುವಾಗ 3.13ರ ಲಿಂಕನ್ನೂ ಸೇರಿಸಿ, ವಿವರಣೆ 3.13ರಲ್ಲಿ ಓದಿ, ವರ್ತನೆ 3.10ರಲ್ಲಿ ನೋಡಿ ಅಂತ ಬರೆಯುತ್ತೇನೆ.