ಅಪ್ಪನ ಎಪ್ಪತ್ತಕ್ಕೆ ದುರ್ಗ, ಅಮ್ಮನ ಅರವತ್ತೈದಕ್ಕೆ ದಾವಣಗೆರೆ

ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಅಪ್ಪ-ಅಮ್ಮನ ಹುಟ್ಟುಹಬ್ಬಕ್ಕೆ ಶನಿವಾರ-ಭಾನುವಾರ ಈ ಕಡೆ ಹೋಗಿಬರುವ ಯೋಚನೆ ಇದ್ದರೆ ರೂಮು ದಾವಣಗೆರೆಯಲ್ಲಿ ಮಾಡಿ. ಚಿತ್ರದುರ್ಗ ನೋಡಲೇಬೇಕಾದ ಊರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಉಳಿದ ಅನುಭವ ನನಗೆ ಸಾಕಾಗಿದೆ. ಎಂಟು ತಿಂಗಳ ಅಂತರದಲ್ಲಿ ಅದೇ ಏಳು ಜನ, ಅದೇ ಬಾಡಿಗೆ ಗಾಡಿಯಲ್ಲಿ ಎರಡೂ ಕಡೆ ಹೋಗಿ ಬಂದು ಹೇಳುತ್ತಿರುವ ಮಾತಿದು.

ನಾವು ತುಮಕೂರಿನವರು. ಅಪ್ಪ, ಅಮ್ಮ, ನಾನು, ನಮ್ಮೆಜಮಾನರು, ಮಗ, ತಮ್ಮ, ತಮ್ಮನ ಹೆಂಡತಿ. ಅಪ್ಪ ನಿಜವಾಗಿ ಹುಟ್ಟಿದ್ದು ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಎಲ್ಲ ಹುಡುಗರಿಗೂ ಬರೆದ ಹಾಗೆ ಜೂನ್ 1 ಅಂತ ಬರೆದರು, ಅದೇ ಖಾಯಂ ಆಯಿತು. 2025ರಲ್ಲಿ ಆ ತಾರೀಕು ಭಾನುವಾರ ಬಿತ್ತು. "ಒಂದ್ಸಲ ದುರ್ಗದ ಕೋಟೆ ಹತ್ತಿಬಿಡ್ತೀನಿ ಕಣಮ್ಮ, ಇನ್ನೆರಡು ವರ್ಷ ಆದ್ರೆ ಮಂಡಿ ಕೇಳಲ್ಲ" ಅಂದರು. ಹಾಗಾಗಿ ದುರ್ಗ.

ಶನಿವಾರ ನಸುಕಿನಲ್ಲಿ ನಾಲ್ಕಕ್ಕೆ ಹೊರಟು ಆರೂಮುಕ್ಕಾಲಿಗೆಲ್ಲ ಲಾಡ್ಜಿನ ಮುಂದೆ ಇದ್ದೆವು. ಬುಕ್ಕಿಂಗ್ ಆ್ಯಪ್‌ನಲ್ಲಿ ಚೆಕ್-ಇನ್ ಮಧ್ಯಾಹ್ನ ಹನ್ನೆರಡು, ಚೆಕ್-ಔಟ್ ಬೆಳಗ್ಗೆ ಹನ್ನೊಂದು ಅಂತಿತ್ತು. ಅಷ್ಟೊತ್ತಿನವರೆಗೆ ಗಾಡಿಯಲ್ಲೇ ಕೂರಬೇಕೇನೋ ಅಂದುಕೊಂಡಿದ್ದರೆ, ಕೌಂಟರಿನಲ್ಲಿದ್ದವರು ಒಂದು ಮಾತೂ ಆಡದೆ ಮೂರು ರೂಮಿನ ಕೀ ಕೊಟ್ಟರು. ರಿಜಿಸ್ಟರಿನಲ್ಲಿ ಹೆಸರು, ಊರು, ಬಂದ ಸಮಯ ಬರೆದು ಸಹಿ ಹಾಕಿದೆ. ಎಂಥಾ ಒಳ್ಳೆ ಜನ, ಹಿರಿಯರನ್ನ ನೋಡಿ ಕಾಯಿಸಲಿಲ್ಲ ಅಂತ ಅಮ್ಮನ ಹತ್ತಿರ ಹೊಗಳಿದ್ದೇ ಹೊಗಳಿದ್ದು.

ನಮ್ಮ ಲೆಕ್ಕ ಸರಳವಾಗಿತ್ತು. ಶನಿವಾರ ಸುಧಾರಿಸಿಕೊಂಡು ಚಂದ್ರವಳ್ಳಿ. ಭಾನುವಾರ, ಅಂದರೆ ಹುಟ್ಟಿದ ದಿನ, ಬಿಸಿಲೇರುವ ಮುಂಚೆ ಕೋಟೆ. ಇಳಿದು ಬಂದು ಸ್ನಾನ, ಕೇಕು, ಹನ್ನೊಂದಕ್ಕೆ ಖಾಲಿ ಮಾಡಿ ಊಟ ಮುಗಿಸಿ ವಾಪಸ್.

ಭಾನುವಾರ ಬೆಳಗ್ಗೆ ಆರೂವರೆಗೆ ಬಾಗಿಲು ಬಡಿದರು. ಕಾಫಿ ಇರಬೇಕು ಅಂದುಕೊಂಡೆ. "ಮೇಡಂ, ಟೈಮಾಯ್ತು, ಖಾಲಿ ಮಾಡ್ತೀರಾ ಕಂಟಿನ್ಯೂ ಮಾಡ್ತೀರಾ?" ನನಗೆ ಅರ್ಥವೇ ಆಗಲಿಲ್ಲ. ಕೆಳಗೆ ಹೋದರೆ ಕೌಂಟರಿನ ಹಿಂದೆ, ದೇವರ ಪಟದ ಪಕ್ಕ, ಕೈಯಲ್ಲಿ ಬರೆದ ಬೋರ್ಡು: "24 ಗಂಟೆ ಚೆಕ್-ಔಟ್". ಬಂದ ಗಳಿಗೆಯಿಂದ ಲೆಕ್ಕ. ನಮ್ಮನ್ನು ಕಾಯಿಸದೆ ಕೀ ಕೊಟ್ಟಿದ್ದು ಯಾಕೆ ಅಂತ ಆಗ ಹೊಳೆಯಿತು.

ಆ್ಯಪ್ ತೆಗೆದು ಹನ್ನೊಂದು ಗಂಟೆ ಅಂತಿರುವುದನ್ನು ತೋರಿಸಿದೆ. "ಆ್ಯಪ್‌ನಾಗೆ ಅವ್ರು ಏನ್ ಹಾಕ್ಕೊಂಡವ್ರೋ ನಮಗೊತ್ತಿಲ್ಲ ಮೇಡಂ. ಇಲ್ಲಿ ನೀವೇ ಸೈನ್ ಮಾಡಿದೀರಿ ನೋಡಿ." ಆ್ಯಪಿನ ಸಹಾಯವಾಣಿಗೆ ಫೋನ್ ಮಾಡಿದರೆ, ಲಾಡ್ಜಿನವರ ಜೊತೆ ಮಾತಾಡಿ ಅಂದರು. ಲಾಡ್ಜಿನವರು, ಮಾಲೀಕರು ಒಂಬತ್ತಕ್ಕೆ ಬರ್ತಾರೆ ಅಂದರು. ಒಂದು ರೂಮಿಗೆ ಅರ್ಧ ದಿನದ ಬಾಡಿಗೆ 800, ಮೂರಕ್ಕೆ 2,400. ದುಡ್ಡಿಗಿಂತ ಹೆಚ್ಚಾಗಿ ಸಿಟ್ಟು ನನಗೆ ಬಂದದ್ದು, ಇದನ್ನೆಲ್ಲ ಅಪ್ಪ ಬಿಳಿ ಪಂಚೆ ಉಟ್ಟು, ಕ್ಯಾನ್ವಾಸ್ ಶೂ ಹಾಕಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದರು ಅನ್ನುವುದಕ್ಕೆ. "ಹೋಗ್ಲಿ ಬಿಡಮ್ಮ, ನಾನು ಕೊಡ್ತೀನಿ" ಅಂತ ಪರ್ಸು ತೆಗೆದರು ಬೇರೆ.

ಕೊನೆಗೆ ತಮ್ಮ ಒಂದು ದಾರಿ ಹುಡುಕಿದ. ಎರಡು ರೂಮು ಖಾಲಿ ಮಾಡಿ, ಏಳು ಜನರ ಸಾಮಾನನ್ನೂ ಕೇಕನ್ನೂ ಒಂದೇ ರೂಮಿಗೆ ತುಂಬಿ, ಅದಕ್ಕಷ್ಟೇ 800 ಕಟ್ಟಿದೆವು. ಇಷ್ಟೆಲ್ಲ ಆಗಿ ಕೋಟೆಯ ಬಾಗಿಲಿಗೆ ಹೋಗುವಾಗ ಎಂಟೂಮುಕ್ಕಾಲು. ಬಂಡೆ ಆಗಲೇ ಕಾಯತೊಡಗಿತ್ತು.

24 ಗಂಟೆ ಪದ್ಧತಿಯೇ ಮೋಸ ಅಂತಲ್ಲ, ರಾತ್ರಿ ಹತ್ತಕ್ಕೆ ಬಂದಿಳಿಯುವವರಿಗೆ ಅದರಷ್ಟು ಅನುಕೂಲ ಇನ್ನೊಂದಿಲ್ಲ. ಬೋರ್ಡಿನಲ್ಲಿ ಒಂದು, ಆ್ಯಪಿನಲ್ಲಿ ಇನ್ನೊಂದು ಇರುವುದೇ ತಕರಾರು. ಅವತ್ತಿನಿಂದ ಯಾವ ಊರಿಗೆ ಹೋದರೂ ಮೊದಲು ಲಾಡ್ಜಿಗೇ ಫೋನ್ ಮಾಡಿ ಇದೊಂದು ಪ್ರಶ್ನೆ ಕೇಳುತ್ತೇನೆ.

ಕೋಟೆಯ ವಿಷಯಕ್ಕೆ ಬಂದರೆ, ಅಪ್ಪನ ಮಟ್ಟಿಗೆ ಅದಕ್ಕೆ ಸರಿಸಾಟಿ ಇಲ್ಲ. ಏಳು ಸುತ್ತಿನ ಗೋಡೆ, ಹಾವಿನ ಹಾಗೆ ತಿರುಗುವ ಬಾಗಿಲುಗಳು, ಎಣ್ಣೆ ತುಂಬಿಡುತ್ತಿದ್ದ ಕೊಳ, ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಸ್ವಾಮಿ ಹೊಂಡ. ಹೈದರಾಲಿ 1779ರಲ್ಲಿ ಕೋಟೆ ಹಿಡಿದ ಕಥೆಯನ್ನು, ಅದಕ್ಕೂ ಮುಂಚಿನ ಓಬವ್ವನ ಒನಕೆಯ ಕಥೆಯನ್ನು ಮೊಮ್ಮಗನಿಗೆ ಕಿಂಡಿಯ ಎದುರೇ ನಿಂತು ಹೇಳಿದರು. ಮಗ ಆ ಕಿಂಡಿಯಲ್ಲಿ ನಾಲ್ಕು ಸಲ ನುಸುಳಿ ಬಂದ. ತುಪ್ಪದ ಕೊಳದ ಕಡಿದಾದ ಬಂಡೆಯನ್ನು ಮಾತ್ರ ಅಪ್ಪ ಕೆಳಗಿನಿಂದ ನೋಡಿ, ನಮಸ್ಕಾರ ಹಾಕಿ ಬಂದರು.

ಅಮ್ಮ ಎಲ್ಲಿದ್ದಳು? ಎರಡು ಬಾಗಿಲು ದಾಟಿದ ಮೇಲೆ, ನುಣುಪಾದ ಕಲ್ಲಿನ ಮೇಲೆ ಒಮ್ಮೆ ಕಾಲು ಜಾರಿತು ನೋಡಿ, ಅಲ್ಲೇ ನೆರಳಿನಲ್ಲಿ ಕೂತಳು. ನಾವು ಇಳಿದು ಬಂದಾಗ ಹನ್ನೊಂದೂವರೆ. ಕೋತಿಗಳಿಗೆ ಹೆದರಿ ಬಾಳೆಹಣ್ಣಿನ ಬ್ಯಾಗನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. "ನನಗೇನು ಬೇಜಾರಾಗಲಿಲ್ಲ, ಬಂದೋರನ್ನ ನೋಡ್ತಾ ಕೂತಿದ್ದೆ" ಅಂದಳು. ಹಿಂದಿನ ದಿನ ಚಂದ್ರವಳ್ಳಿಯ ಕೆರೆ ದಂಡೆ ಅವಳಿಗೆ ಇಷ್ಟವಾಗಿತ್ತು. ಅಂಕಲಿ ಮಠದ ಕತ್ತಲೆ ಗುಹೆಗೆ ಇಳಿಯಲು ಅಲ್ಲೂ ಒಪ್ಪಲಿಲ್ಲ.

ಅವಳ ಸರದಿ ಬಂದಿದ್ದು ಈ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮರುವಾರ. ಎಲ್ಲಿಗೆ ಹೋಗೋಣ ಅಂದರೆ "ಮೆಟ್ಟಿಲಿಲ್ಲದ ಊರಿಗೆ" ಅಂದಳು. ದುರ್ಗದಿಂದ ಇನ್ನು 60 ಕಿಲೋಮೀಟರ್ ಮುಂದೆ ಹೋದರೆ ದಾವಣಗೆರೆ. ಈ ಸಲ ಫೋನ್ ಮಾಡಿ ಕೇಳಿದೆ, ಅಲ್ಲೂ 24 ಗಂಟೆಯೇ. ಸರಿ, ಬೇಕಂತಲೇ ಮನೆಯಲ್ಲಿ ತಿಂಡಿ ತಿಂದು ಒಂಬತ್ತಕ್ಕೆ ಹೊರಟು, ಹಿರಿಯೂರಿನಲ್ಲಿ ಟೀ ಕುಡಿದು, ಮಧ್ಯಾಹ್ನ ಒಂದಕ್ಕೆ ರಿಜಿಸ್ಟರಿಗೆ ಸಹಿ ಹಾಕಿದೆ. ಭಾನುವಾರ ಒಂದರವರೆಗೆ ರೂಮು ನಮ್ಮದು.

ಸಂಜೆ ಗಾಜಿನ ಮನೆ, ಕುಂದುವಾಡ ಕೆರೆಯ ದಂಡೆ. ಲಾಲ್‌ಬಾಗಿನ ಮಾದರಿಯಲ್ಲೇ ಕಟ್ಟಿದ್ದಾರೆ, ನೆಲ ಸಮತಟ್ಟು. ಅಮ್ಮ ಯಾರ ಕೈಯನ್ನೂ ಹಿಡಿಯದೆ ಒಂದು ಸುತ್ತು ಹಾಕಿದಳು. ರಾತ್ರಿ ಊಟವೇ ಬೇಡವಾಯಿತು, ಖಾರ ಮಂಡಕ್ಕಿ, ಮಿರ್ಚಿ, ಆಮೇಲೆ ಇನ್ನೊಂದು ಪ್ಲೇಟು ಮಿರ್ಚಿ.

ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ. ಇದಕ್ಕೆ ಮುಕ್ಕಾಲು ಗಂಟೆ ಕಾದೆವು, ಆದರೆ ಕಾಯುವಾಗ ಒಳಗಿನ ಸೌದೆ ಒಲೆಯೂ ಕಲ್ಲೂ ಕಾಣುತ್ತಿದ್ದವು, ಹಾಗಾಗಿ ಅಮ್ಮನಿಗೆ ಅದೇ ಒಂದು ಕಾರ್ಯಕ್ರಮ. ಹಿಟ್ಟಿಗೆ ಅಕ್ಕಿ-ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬುವ ಗುಟ್ಟನ್ನು ಸಪ್ಲೈಯರ್ ಬಾಯಿಂದ ಹೊರಡಿಸಿದಳು. ಜೊತೆಗೆ ಸಾಂಬಾರು ಕೊಡಲ್ಲ. ತೆಳ್ಳಗಿನ ಕಾಯಿ ಚಟ್ನಿ, ಬಿಳಿ ಆಲೂಗಡ್ಡೆ ಪಲ್ಯ, ಮೇಲೊಂದು ಉಂಡೆ ಬೆಣ್ಣೆ. ಬೆಣ್ಣೆ ದೋಸೆ ಅನ್ನುವ ಬೋರ್ಡು ಈಗ ತುಮಕೂರಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ, ದುರ್ಗದಲ್ಲೂ ತಿಂದೆವು. ಹಲ್ಲು ಅಲ್ಲಾಡುವ ಅಮ್ಮ ಎರಡು ಬೆಣ್ಣೆ, ಒಂದು ಖಾಲಿ, ಒಟ್ಟು ಮೂರು ದೋಸೆ ತಿಂದಿದ್ದು ಇಲ್ಲಿ ಮಾತ್ರ. ಶುಗರ್ ಮಾತ್ರೆ ನೆನಪಿಸಿದ್ದಕ್ಕೆ ನನ್ನನ್ನೇ ದುರುಗುಟ್ಟಿ ನೋಡಿದಳು.

ಅಲ್ಲಿಂದ ಹರಿಹರ ಅರ್ಧ ಗಂಟೆ ದಾರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ, ಅರ್ಧ ಶಿವ, ಅರ್ಧ ವಿಷ್ಣು. ಕಡೆದು ನುಣುಪು ಮಾಡಿದ ಕಂಬಗಳ ಮಂಟಪದಲ್ಲಿ ಅಮ್ಮ ಕೂತಳು, ಆದರೆ ಈ ಸಲ ಸುತ್ತಲೂ ನಾವೆಲ್ಲ ಕೂತಿದ್ದೆವು. ಅರ್ಚನೆಗೆ ಅವಳ ಹೆಸರು, ನಕ್ಷತ್ರ ಹೇಳಿದ್ದು ಅಪ್ಪ. ನಕ್ಷತ್ರ ತಪ್ಪಾಗಿತ್ತು. ಅದಕ್ಕೆ ಆಮೇಲೆ ಹೊಳೆ ದಂಡೆಯವರೆಗೂ ಬೈಸಿಕೊಂಡರು.

ಕೇಕು ಎರಡೂ ಊರಲ್ಲಿ ಒಂದೇ ಥರ. ಪಾರ್ಕಿಂಗ್ ದುರ್ಗದಲ್ಲಿ ಸಲೀಸು, ದಾವಣಗೆರೆಯ ಪೇಟೆಯಲ್ಲಿ ಡ್ರೈವರ್ ಗೊಣಗಿದ. ಹವೆಯಲ್ಲಿ ಜನವರಿ ಅನ್ನುವುದು ದಾವಣಗೆರೆಗೆ ಸಿಕ್ಕ ಗ್ರೇಸ್ ಮಾರ್ಕ್ಸು, ಒಪ್ಪುತ್ತೇನೆ.

ಖರ್ಚಿನಲ್ಲಿ ದುರ್ಗವೇ ಕಡಿಮೆ. ಅಲ್ಲಿ ಮೂರು ರೂಮಿಗೆ 4,800, ಮೇಲೆ ಆ 800. ದಾವಣಗೆರೆಯಲ್ಲಿ ರೂಮಿಗೇ 5,700. ಗಾಡಿ ಕಿಲೋಮೀಟರಿಗೆ 18 ರೂಪಾಯಿ, ಹೋಗಿಬರಲು 120 ಕಿಲೋಮೀಟರ್ ಜಾಸ್ತಿ, ಅದು 2,160. ಅಂತೂ ಎರಡು ಸಾವಿರಕ್ಕೂ ಮೇಲೆ ಹೆಚ್ಚು ಬಿತ್ತು. ಹುಡುಗರಷ್ಟೇ ಹೋಗುವುದಾದರೆ, ಅಥವಾ ಮನೆಯ ಹಿರಿಯರೆಲ್ಲ ನಮ್ಮಪ್ಪನ ಥರ ಹತ್ತುವವರಾದರೆ, ಆ ಎರಡು ಸಾವಿರ ಉಳಿಸಿಕೊಳ್ಳಿ. ನಮ್ಮ ಮನೆಯಲ್ಲಿ ಹತ್ತುವವರು ಒಬ್ಬರು, ಕೂರುವವರು ಒಬ್ಬರು, ತಿನ್ನುವವರು ಏಳೂ ಜನ. ನನ್ನ ಲೆಕ್ಕ ದಾವಣಗೆರೆಗೇ ಬಂದು ನಿಲ್ಲುತ್ತದೆ.

ಅಪ್ಪನ ಓಟು ಈಗಲೂ ದುರ್ಗಕ್ಕೆ. ಈ ಜೂನ್ 1 ಸೋಮವಾರ ಬರುತ್ತೆ, ರಜೆ ಹಾಕು, ತುಪ್ಪದ ಕೊಳ ಬಾಕಿ ಇದೆ ಅಂತ ಈಗಲೇ ಶುರು ಮಾಡಿದ್ದಾರೆ. ರಜೆ ಹಾಕುತ್ತೇನೆ. ಬೆಳಗ್ಗೆ ಐದೂವರೆಗೆ ಹೊರಟು ಕೋಟೆಗೆ ಅವರನ್ನು ತಮ್ಮ ಕರೆದುಕೊಂಡು ಹೋಗಲಿ, ಹನ್ನೊಂದರೊಳಗೆ ವಾಪಸ್ ಬರಲಿ. ಅಮ್ಮನೂ ನಾನೂ ದೋಸೆಗೆ ಕಾಯುತ್ತಿರುತ್ತೇವೆ. ರೂಮು ಹಳೆಯದೇ, ದಾವಣಗೆರೆಯಲ್ಲಿ, ಭಾನುವಾರ ಮಧ್ಯಾಹ್ನ ಒಂದಕ್ಕೆ ಸಹಿ.