ಏರ್ ರೈಫಲ್ ಚೆನ್ನಾಗಿದೆ, ತಲೆನೋವು ಪೆಲೆಟ್ ಡಬ್ಬಿಯದ್ದು

ಸ್ಪೀಡ್ ಎಷ್ಟು, ತೂಕ ಎಷ್ಟು, ಸ್ಕೋಪ್ ಕೂರುತ್ತಾ ಇಲ್ವಾ, ಇದೆಲ್ಲ ಬೇರೆ ವಿಮರ್ಶೆಗಳಲ್ಲಿ ನೀವಾಗಲೇ ನೋಡಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನದು ನಳಿಗೆ ಮಡಚಿ ಸ್ಪ್ರಿಂಗ್ ಅಮುಕುವ ಜಾತಿಯ 4.5 ಎಂಎಂ ಏರ್ ರೈಫಲ್. 15 ಸಾವಿರದೊಳಗೆ ಬಂತು. ಕೊಡಗಿನ ಹಲವು ಮಳೆಗಾಲ ಕಂಡಿದೆ, ಇನ್ನೂ ನೆಟ್ಟಗಿದೆ. ಬಂದೂಕಿನ ಮೇಲೆ ನನಗೆ ದೊಡ್ಡ ದೂರಿಲ್ಲ. ದೂರೆಲ್ಲ ಅದರ ಹೊಟ್ಟೆಗೆ ಹಾಕುವ ಪೆಲೆಟ್ ಮೇಲೆ, ಅಂದರೆ ಪುಟ್ಟ ಸೀಸದ ಗುಂಡಿನ ಮೇಲೆ. ಹಾಗಾಗಿ ಈ ವಿಮರ್ಶೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಲೆಟ್ ಪುರಾಣವೇ ಇದೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಕೊಡಗಿನವರಿಗೆ ಏರ್ ಗನ್ ಯಾಕೆ, ಮನೆಯಲ್ಲಿ ಕೋವಿ ಇಲ್ವಾ? ಇದೆ. ಅಪ್ಪನ ಹೆಸರಲ್ಲಿ ಒಂಟಿ ನಳಿಗೆಯ ತೋಟೆ ಕೋವಿ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆಯಲ್ಲ, ಅದರಲ್ಲಿ ಬಂದದ್ದು. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಕೋವಿ ಇದೆ ಅಂತ ದಿನಾ ಸಂಜೆ ತೋಟೆ ಸುಡಲು ಆಗುತ್ತಾ? ತೋಟೆಗೆ ದುಡ್ಡು ಬೇಕು. ಸದ್ದಿಗೆ ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳು ಬೆಚ್ಚಿ ಬೀಳುತ್ತವೆ. ಕೈಗೆ ಅಭ್ಯಾಸ ಆಗಬೇಕು ಅಂದರೆ ಏರ್ ರೈಫಲ್ಲೇ ಸರಿ. 2016ರ ಆಯುಧ ನಿಯಮದ ಪ್ರಕಾರ 4.5 ಎಂಎಂ ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ ನೋಡಿ ಕೊಟ್ಟರು.

ಎರಡನೇ ಪ್ರಶ್ನೆಯೂ ಗೊತ್ತು. ಮಂಗ ಓಡಿಸಲು ಆಗುತ್ತಾ? ಆಗಲ್ಲ, ಮಾಡಲೂಬಾರದು. ವನ್ಯಜೀವಿ ಕಾಯ್ದೆ ಇದೆ, ಹಕ್ಕಿ, ಮಂಗ, ಅಳಿಲು ಯಾವುದಕ್ಕೂ ಗುರಿ ಇಡುವಂತಿಲ್ಲ. ಬಾಳೆಗೊನೆ ಉಳಿಸಿಕೊಳ್ಳಲು ಬಂದೂಕು ಹುಡುಕುತ್ತಿದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ, ಪಟಾಕಿ ತಗೊಳ್ಳಿ.

ನಾನು ಹೊಡೆಯುವುದು ಕಾಗದಕ್ಕೆ. ಮನೆ ಮುಂದಿನ ಕಾಫಿ ಕಣದ ಈ ತುದಿಯಲ್ಲಿ ಒಂದು ಹಳೇ ಬೆಂಚು. ಆ ತುದಿಯಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಹಳೇ ಬಟ್ಟೆ ಒತ್ತಿ ತುಂಬಿದ ಗೋಣಿಚೀಲ. ಅದರ ಹಿಂದೆ ಎರಡಾಳು ಎತ್ತರದ ಮಣ್ಣಿನ ಬರೆ. ಟೇಪ್ ಹಿಡಿದು ಅಳೆದ 10 ಮೀಟರ್. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ ಹರಡುತ್ತದೆ, ಆಗ ಶೂಟಿಂಗ್ ಬಂದ್.

ಈಗ ಪೆಲೆಟ್ ವಿಷಯ. ಬಂದೂಕಿನ ಜೊತೆ ನಮ್ಮ ದೇಶದ್ದೇ ಒಂದು ಕಂಪನಿಯ ಡಬ್ಬಿ ತಂದಿದ್ದೆ. ಹೆಸರು ಬೇಡ. ಡಬ್ಬಿ ನೋಡಲು ಲಕ್ಷಣವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಸೀಸದ ಪುಡಿ, ಚೂರು. ಕೆಲವು ಪೆಲೆಟ್‌ಗಳ ಪಕ್ಕದಲ್ಲಿ ಅಚ್ಚಿನ ಗೆರೆ ಎದ್ದಿತ್ತು. ಕೆಲವಕ್ಕೆ ಸ್ಕರ್ಟ್ ಸೊಟ್ಟ. ಸ್ಕರ್ಟ್ ಅಂದರೆ ಪೆಲೆಟ್‌ನ ಹಿಂಭಾಗದ ತೆಳು ಅಂಚು. ನಡು ಸಣ್ಣ, ಹಿಂದೆ ಅಗಲ, ಒಳಗೆ ಟೊಳ್ಳು. ಗಾಳಿ ಒತ್ತಿದಾಗ ಆ ಅಂಚು ಅರಳಿ ನಳಿಗೆಯ ಗೋಡೆಗೆ ಕಚ್ಚಿಕೊಳ್ಳಬೇಕು. ಅಂಚೇ ಚಪ್ಪಟೆಯಾಗಿದ್ದರೆ ಒಂದು ಕಡೆಯಿಂದ ಗಾಳಿ ಸೋರುತ್ತದೆ, ಪೆಲೆಟ್ ಓಲಾಡುತ್ತಾ ಹೋಗುತ್ತದೆ. ಐದು ಏಟು ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದವು, ಆರನೆಯದು ಎರಡು ಬೆರಳು ಆಚೆ. ಯಾಕೆ ಅಂತ ತಲೆ ಕೆರೆದುಕೊಂಡು ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ, ಕೂರುವ ಬೆಂಚು ಬದಲಾಯಿಸಿದೆ, ಉಸಿರಾಟವನ್ನೂ ಬೈದೆ. ಡಬ್ಬಿ ಬದಲಾಯಿಸಿದ ದಿನ ಎಲ್ಲ ಸರಿಯಾಯಿತು.

ಬದಲಿಗೆ ತಂದದ್ದು ಜರ್ಮನಿಯ ಎಚ್ ಅಂಡ್ ಎನ್ ಡಬ್ಬಿ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ತಲೆಯ ಅಳತೆಯನ್ನೇ 4.50, 4.51 ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಚೆಕ್ ದೇಶದ ಜೆಎಸ್‌ಬಿ ಕೂಡ ಹಾಗೇ. ಆದರೆ ನಮ್ಮ ಡಬ್ಬಿಯ ಮೂರ್ನಾಲ್ಕು ಪಟ್ಟು ದುಡ್ಡು. ಅದೂ ಒಂದು ತಿಂಗಳು ಸಿಕ್ಕರೆ ಇನ್ನೊಂದು ತಿಂಗಳು ಸ್ಟಾಕ್ ಇಲ್ಲ. ಕರಿಮೆಣಸಿಗೆ ಒಳ್ಳೆ ರೇಟ್ ಬಂದ ವರ್ಷ ಧಾರಾಳವಾಗಿ ತರಿಸಿದೆ. ರೇಟ್ ಬಿದ್ದ ವರ್ಷ ಮತ್ತೆ ನಮ್ಮದೇ ಡಬ್ಬಿಗೆ ಬಂದೆ. ಹಾಗೆ ಶುರುವಾದದ್ದು ಈ ಆರಿಸುವ ಕೆಲಸ.

ಜುಲೈ ತಿಂಗಳು. ಹೊರಗೆ ಹೊಡೆಯುವ ಮಾತೇ ಇಲ್ಲ, ಮಳೆ ಹಗಲೂ ರಾತ್ರಿ ಒಂದೇ ಸಮ. ಊಟದ ಮೇಜಿನಲ್ಲಿ ಈ ಕೆಲಸ ಮಾಡಬಾರದು, ಸೀಸ ವಿಷ. ಅದಕ್ಕೆ ಹಿಂದಿನ ಜಗಲಿಯಲ್ಲಿ ಬೇರೆಯೇ ಒಂದು ಸ್ಟೂಲ್ ಇಟ್ಟಿದ್ದೇನೆ. ಅದರ ಮೇಲೆ ಬಿಳಿ ಟವೆಲ್, ಟವೆಲ್ ಮೇಲೆ ಹಳೇ ಫೋಟೋ ಫ್ರೇಮಿನ ಗಾಜು. ಡಬ್ಬಿ ಸುರಿದು ಮೊದಲು ಕಣ್ಣಿಗೆ ಕಾಣುವ ಸೊಟ್ಟಗಳನ್ನು ಬೇರೆ ಮಾಡುತ್ತೇನೆ. ಆಮೇಲೆ ಗಾಜನ್ನು ಚೂರು ಓರೆ ಮಾಡಿ ಒಂದೊಂದೇ ಪೆಲೆಟ್ ಉರುಳಿಸುತ್ತೇನೆ. ಪೆಲೆಟ್‌ನ ತಲೆ, ಸ್ಕರ್ಟ್ ಎರಡೂ ಒಂದೇ ಅಗಲ ಇರುವುದಿಲ್ಲವಲ್ಲ, ಅದು ನೇರ ಉರುಳದೆ ಬಿಲ್ಲಿನಂತೆ ಬಾಗಿ ಹೋಗುತ್ತದೆ. ಒಳ್ಳೆಯವೆಲ್ಲ ಒಂದೇ ಬಾಗಿನಲ್ಲಿ ಹೋಗಿ ಗಾಜಿನ ಒಂದೇ ಮೂಲೆಯಲ್ಲಿ ಬೀಳುತ್ತವೆ. ಕೆಟ್ಟದ್ದು ನಡುವೆ ಎಡವುತ್ತದೆ, ಇಲ್ಲವೇ ಬೇರೆ ದಾರಿ ಹಿಡಿಯುತ್ತದೆ. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ.

ಅಪ್ಪ ಒಮ್ಮೆ ಕಾಫಿ ಲೋಟ ಹಿಡಿದು ಬಂದು ನಿಂತು ನೋಡಿದರು. "ಎಂತ ಮಾರಾಯ, ಅಕ್ಕಿ ಆರಿಸಿದ ಹಾಗೆ ಆರಿಸ್ತಾ ಇದ್ದೀಯ?" ಅಂದರು. ಹತ್ತು ನಿಮಿಷ ಬಿಟ್ಟು ಕನ್ನಡಕ ತಂದು ಪಕ್ಕದಲ್ಲೇ ಕೂತರು. ಈಗ ಸೊಟ್ಟ ಹುಡುಕುವುದರಲ್ಲಿ ನನಗಿಂತ ಚುರುಕು. ಸಿಕ್ಕಿದಾಗೆಲ್ಲ "ಇದು ಕಳ್ಳ" ಅಂತ ಬೇರೆ ಡಬ್ಬಿಗೆ ಎಸೆಯುತ್ತಾರೆ.

ಆಮೇಲೆ ತೂಕ. ಆಭರಣ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ತರಿಸಿದೆ, ಗ್ರಾಂನ ಸಾವಿರದ ಒಂದು ಭಾಗ ತೋರಿಸುತ್ತದೆ. ಫ್ಯಾನ್ ಆಫ್ ಮಾಡಬೇಕು, ಗಾಳಿಗೂ ನಂಬರ್ ಕುಣಿಯುತ್ತದೆ. ಅರ್ಧ ಗ್ರಾಂ ಇರಬೇಕಾದ ಪೆಲೆಟ್ ನಮ್ಮ ಡಬ್ಬಿಯಲ್ಲಿ 0.47ರಿಂದ 0.53ರವರೆಗೆ ಸಿಕ್ಕಿದೆ. ತೂಕ ನೋಡಿ ಮಾತ್ರೆ ಡಬ್ಬಿಯ ಬೇರೆ ಬೇರೆ ಖಾನೆಗೆ ಹಾಕುತ್ತೇನೆ. ಖಾನೆಗಳ ಮೇಲೆ ಸೋಮವಾರ, ಮಂಗಳವಾರ ಅಂತ ಬರೆದಿದೆ. ಬುಧವಾರದ ಪೆಲೆಟ್ ಬಹಳ ಒಳ್ಳೆಯದು.

ನಿಜ ಹೇಳಬೇಕೆಂದರೆ 10 ಮೀಟರ್‌ಗೆ ಈ ತೂಕದ ಲೆಕ್ಕ ಅಷ್ಟೇನೂ ಬೇಕಿಲ್ಲ. ಸೆಕೆಂಡಿಗೆ 240 ಮೀಟರ್ ವೇಗ ಅಂತ ಹಿಡಿದರೆ ಪೆಲೆಟ್ ಅಲ್ಲಿಗೆ ಮುಟ್ಟಲು ಸೆಕೆಂಡಿನ 24ನೇ ಒಂದು ಭಾಗ ಸಾಕು. ಅಷ್ಟರಲ್ಲಿ ಅದು ಕೆಳಗಿಳಿಯುವುದು ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ತೂಕ ನೂರಕ್ಕೆ ಹತ್ತು ಹೆಚ್ಚುಕಡಿಮೆ ಆದರೂ ಕಾಗದದ ಮೇಲೆ ಒಂದು ಮಿಲಿಮೀಟರ್ ವ್ಯತ್ಯಾಸ ಬರುವುದಿಲ್ಲ. ಒಲಿಂಪಿಕ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯೇ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದು ಇದೇ 4.5 ಎಂಎಂ, ಇದೇ 10 ಮೀಟರ್‌ನಲ್ಲಿ. ಅಂಥವರಿಗೆ ಆ ಮಿಲಿಮೀಟರ್ ಬೇಕು. ನನಗೆ ಬೇಡ. ಸೊಟ್ಟ ಸ್ಕರ್ಟ್ ತೆಗೆದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆದರೂ ತೂಗುತ್ತೇನೆ, ಸುಮ್ನೆ. ಮಳೆಗಾಲದಲ್ಲಿ ಮನುಷ್ಯನಿಗೆ ಏನಾದರೂ ಕೆಲಸ ಬೇಕಲ್ವಾ?

ಈ ಹುಚ್ಚು ನನಗೊಬ್ಬನಿಗೇ ಅಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ರೈಫಲ್ ಗುಂಡನ್ನೇ ಮನೆಯಲ್ಲಿ ಎರಕ ಹೊಯ್ಯುತ್ತಾನೆ. ಅಲ್ಲಿ ಅದು ದೊಡ್ಡ ಹವ್ಯಾಸ. ಕಾರಿನ ಚಕ್ರಕ್ಕೆ ಹಾಕುವ ಹಳೇ ಸೀಸದ ತೂಕಗಳನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆಮೇಲೆ ಪೌಡರ್ ಕೋಟಿಂಗ್. ಗೇಟಿಗೆ, ಅಲಾಯ್ ವೀಲ್‌ಗೆ ಹೊಡೆಯುವ ಬಣ್ಣದ ಪುಡಿಯೇ. ಪ್ಲಾಸ್ಟಿಕ್ ಡಬ್ಬದಲ್ಲಿ ಗುಂಡಿನ ಜೊತೆ ಪುಡಿ ಹಾಕಿ ಕುಲುಕುತ್ತಾರೆ, ತಿಕ್ಕಾಟದ ಕರೆಂಟಿಗೆ ಪುಡಿ ಅಂಟಿಕೊಳ್ಳುತ್ತದೆ. ಆಮೇಲೆ ಸಣ್ಣ ಓವನ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಆ ಓವನ್‌ನಲ್ಲಿ ಮತ್ತೆಂದೂ ಅಡುಗೆ ಮಾಡುವಂತಿಲ್ಲ. ಪದರ ಗಟ್ಟಿಯಾದರೆ ಸೀಸ ನಳಿಗೆಗೆ ಮೆತ್ತಿಕೊಳ್ಳುವುದಿಲ್ಲ, ಗ್ರೀಸ್ ಬಳಿಯುವ ಕೆಲಸವೂ ತಪ್ಪುತ್ತದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದ, ಕೆಂಪು, ನೀಲಿ, ಹಸಿರು ಗುಂಡುಗಳ ಸಾಲು. ಹೊಟ್ಟೆ ಉರಿಯಿತು ಅಂತಲೇ ಹೇಳಬೇಕು. ಆದರೆ ಅದು ಅಲ್ಲಿಯ ಕಾನೂನು. ನಮ್ಮಲ್ಲಿ ಮದ್ದುಗುಂಡು ತಯಾರಿಸಲು 1959ರ ಆಯುಧ ಕಾಯ್ದೆಯಡಿ ಬೇರೆ ಲೈಸೆನ್ಸೇ ಬೇಕು. ಕೊಡಗಿನ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಒಯ್ಯಲು ಮಾತ್ರ. "ನಮ್ಮದು ಕೊಡಗು, ನಡೆಯುತ್ತೆ" ಅಂತ ಯಾರಾದರೂ ಅಂದರೆ ನಂಬಬೇಡಿ. ಕುಲುಕುವ ಆಸೆಯನ್ನು ನಾನು ಪೆಲೆಟ್ ತೊಳೆಯುವುದರಲ್ಲಿ ತೀರಿಸಿಕೊಳ್ಳುತ್ತೇನೆ. ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಹಳೇ ಜರಡಿ. ಆ ಜರಡಿ ಅಡುಗೆಮನೆಗೆ ವಾಪಸ್ ಹೋಗಲ್ಲ, ಮನೆಯವಳು ಅದರ ಹಿಡಿಗೆ ಕೆಂಪು ದಾರ ಕಟ್ಟಿಟ್ಟಿದ್ದಾಳೆ.

ಮಳೆಗಾಲದವರಿಗೆ ಇನ್ನೆರಡು ಮಾತು. ಪೆಲೆಟ್ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ, ಮರದ ಡ್ರಾಯರ್‌ನಲ್ಲಿ ಇಡಬೇಡಿ. ತೇವದ ಜೊತೆ ಮರದ ಹುಳಿ ಆವಿ ಸೇರಿ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಅದು ಬೂಸ್ಟು ಅಲ್ಲ, ಸೀಸದ ತುಕ್ಕು, ಮತ್ತೆ ವಿಷವೇ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನಳಿಗೆ ಮೇಲೆ ಬೆರಳು ತಾಗಿದರೆ ಮಾರನೇ ದಿನಕ್ಕೆ ಅದೇ ಬೆರಳಿನ ಗುರುತಿನಲ್ಲಿ ತುಕ್ಕು ಹಿಡಿಯುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಬೂಸ್ಟು ಬಾರದ ಹಾಗೆ ಬಲ್ಬ್ ಉರಿಸುವ ಬೀರು ಇರುತ್ತದಲ್ಲ, ಅದರಲ್ಲೇ ಬೀಗ ಹಾಕಿ ಇಡುತ್ತೇನೆ. ಸ್ಕೋಪ್ ಕೂಡ ಅಲ್ಲೇ. ಇಲ್ಲದಿದ್ದರೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಫಂಗಸ್ ಬರುತ್ತದೆ, ಒರೆಸಲೂ ಆಗಲ್ಲ. ಆದರೆ ಬಂದೂಕಿನಲ್ಲಿ ಗಾಳಿ ಒತ್ತುವ ಕೊಳವೆಯೊಳಗೆ ಮಾಮೂಲಿ ಎಣ್ಣೆ ಬಿಡಬೇಡಿ. ಒತ್ತಡದ ಬಿಸಿಗೆ ಎಣ್ಣೆ ಡೀಸೆಲ್ ಇಂಜಿನ್‌ನಲ್ಲಿ ಉರಿದಂತೆ ಉರಿದು ಸೀಲ್ ಹಾಳಾಗುತ್ತದೆ.

ಹಿಡಿತದ ಬಗ್ಗೆ ಚುಟುಕಾಗಿ. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಜಗ್ಗುತ್ತದೆ. ಕೋವಿಯ ಹಾಗೆ ಭುಜಕ್ಕೆ ಬಿಗಿಯಾಗಿ ಒತ್ತಿದರೆ ಗುರಿ ತಪ್ಪುತ್ತದೆ. ಅಂಗೈ ಮೇಲೆ ಸುಮ್ಮನೆ ಕೂರಿಸಿ ಅದರ ಪಾಡಿಗೆ ಅಲ್ಲಾಡಲು ಬಿಡಿ. ಕೋವಿ ಹೊಡೆದು ರೂಢಿ ಇದ್ದವರಿಗೆ ಇದು ಒಗ್ಗಲು ಟೈಮ್ ಬೇಕು. ಅಪ್ಪನಿಗೆ ಇನ್ನೂ ಒಗ್ಗಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ ಸೆಪ್ಟೆಂಬರ್‌ನ ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ. ಗದ್ದೆ ಕೆಲಸ ಮುಗಿದು, ಕೋವಿಗೆ ಪೂಜೆ ಆಗಿ, ಹೊಟ್ಟೆ ತುಂಬ ಕಡುಬು, ಹಂದಿ ಕರಿ ಆದ ಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಏರ್ ಗನ್ ವಿಭಾಗ ಇದ್ದರೆ ಅಲ್ಲಿ ಕೋಳಿಮೊಟ್ಟೆ ಇಡುತ್ತಾರೆ. ತೆಂಗಿನಕಾಯಿಗೆ ಅಂಚಿನಲ್ಲಿ ತಾಗಿದರೂ ತಾಗಿತು ಅನ್ನಬಹುದು. ಮೊಟ್ಟೆ ಹಾಗಲ್ಲ, ಒಡೆಯಿತು ಇಲ್ಲ ಒಡೆಯಲಿಲ್ಲ. ಕಳೆದ ಸಲ ಬುಧವಾರದ ಖಾನೆಯನ್ನು ಜೇಬಿನಲ್ಲಿ ಹಾಕಿಕೊಂಡು ಹೋದೆ. ಮೊಟ್ಟೆ ಒಡೆಯಿತು. ಬಹುಮಾನ ಬರಲಿಲ್ಲ, ಹೈಸ್ಕೂಲ್ ಓದುವ ಒಬ್ಬಳು ಹುಡುಗಿ ನನಗಿಂತ ಹೆಚ್ಚು ಒಡೆದಳು. ಯಾವ ಪೆಲೆಟ್ ಅಂತ ಕೇಳಿದರೆ ಅದೇ ಕಳಪೆ ಡಬ್ಬಿ. ಆರಿಸುತ್ತೀಯಾ ಅಂದೆ. "ಇಲ್ಲ ಅಂಕಲ್, ಯಾಕೆ?" ಅಂದಳು.

ಬಂದೂಕಿಗೆ ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಟ್ರಿಗರ್ ಸ್ವಲ್ಪ ಬಿಗಿ ಅಂತ. ಪೆಲೆಟ್‌ಗೆ ಎರಡು, ಅದರಲ್ಲಿ ಒಂದು ಗಾಜಿನ ಮೇಲೆ ಉರುಳುವ ಚೆಂದಕ್ಕೆ. ಅಭ್ಯಾಸಕ್ಕೆ ಆರಿಸಿದ ಅಗ್ಗದ ಪೆಲೆಟ್, ಸ್ಪರ್ಧೆಗೆ ಒಂದು ಜರ್ಮನ್ ಡಬ್ಬಿ, ಇದು ಸದ್ಯ ನನ್ನ ಬಜೆಟ್. ನೀವು ತರುವುದಾದರೆ ಅಂಗಡಿಯಲ್ಲೇ ಮುಚ್ಚಳ ತೆಗೆದು ತೋರಿಸಿ ಅನ್ನಿ. ಒಳಗೆ ಪುಡಿ ಕಂಡರೆ ಬೇರೆ ಕೇಳಿ. ಚೆನ್ನಾಗಿದ್ದರೆ ಡಬ್ಬಿಯ ಹಿಂದಿನ ಲಾಟ್ ನಂಬರ್ ನೋಡಿ, ಅದೇ ನಂಬರಿನದು ಎಷ್ಟಿದೆಯೋ ಅಷ್ಟೂ ತಗೊಂಡುಬಿಡಿ. ಮುಂದಿನ ಲಾಟ್ ಹೇಗಿರುತ್ತೋ ಅಂಗಡಿಯವರಿಗೂ ಗೊತ್ತಿರಲ್ಲ.